ಲಂಡನ್ ತೋಳಿಗೆ ಹರಿಹರದ ವಂಕಿ

೧೯೮೧ನೇ ಇಸವಿ, ಶ್ರಾವಣದ ಎರಡನೇ ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ದಾವಣಗೆರೆಯ ಚೌಕಿಪೇಟೆಯಲ್ಲಿದ್ದ ನಮ್ಮ ಮನೆಯ ಅಡುಗೆಕೋಣೆ. ಹಾಜರಿದ್ದವರು ನಾನು, ನನ್ನ ಅಣ್ಣ, ಅತ್ತಿಗೆ, ಮತ್ತು ಎದ್ದು ಬಂದಿದ್ದರೂ ಇನ್ನೂ ಪೂರ್ತಿ ಕಣ್ಣು ಬಿಡದ ಅಣ್ಣನ ಮಗಳು. ಆವತ್ತು ಅವಳ ನಿಶ್ಚಯ. ಹರಿಹರದ ಬೀಗರು ಹತ್ತು ಗಂಟೆಗೆ ಬರುವವರಿದ್ದರು.

ನಮ್ಮದು ಮಿಲ್ಲಿನ ಕೂಗಿಗೆ ಎದ್ದು ಬೆಳೆದ ಮನೆ. ಅಪ್ಪ ಹತ್ತಿ ಮಿಲ್ಲಿನ ನೇಯ್ಗೆ ವಿಭಾಗದಲ್ಲಿದ್ದರು. ಮೊದಲ ಕೂಗಿಗೆ ಹಾಸಿಗೆ ಮಡಚಿರಬೇಕು, ಎರಡನೆಯದಕ್ಕೆ ಸ್ನಾನ ಮುಗಿದಿರಬೇಕು, ಮೂರನೆಯದಕ್ಕೆ ಅಪ್ಪ ಬಾಗಿಲಾಚೆ ಇರುತ್ತಿದ್ದರು. ಅವರು ತೀರಿಕೊಂಡ ಮೇಲೂ ನಾನು ಆ ಕ್ರಮ ಬಿಡಲಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆದ ಮೇಲಂತೂ ಬಿಡುವ ಪ್ರಶ್ನೆಯೇ ಬರಲಿಲ್ಲ. ಹೀಗಾಗಿ ನಿಶ್ಚಯದ ದಿನದ ವೇಳಾಪಟ್ಟಿ ಬರೆದು ಅಡುಗೆಕೋಣೆಯ ಬಾಗಿಲಿಗೆ ಅಂಟಿಸಿದವಳು ನಾನೇ. ಹತ್ತಕ್ಕೆ ಬೀಗರಿಗೆ ತಿಂಡಿ. ಹನ್ನೊಂದಕ್ಕೆ ಹುಡುಗಿಗೆ ಉಡಿ ತುಂಬುವುದು. ಹನ್ನೆರಡೂವರೆಗೆ ಊಟ. ಎರಡಕ್ಕೆ ವಂಕಿ. ಮೂರಕ್ಕೆ ಎಲೆ ಅಡಿಕೆ. ನಾಲ್ಕೂವರೆಗೆ ರಾಹುಕಾಲ ಶುರುವಾಗುವುದರಿಂದ ಅಷ್ಟರೊಳಗೆ ಎಲ್ಲ ಮುಗಿಯಬೇಕು. ಕೊನೆಯ ಸಾಲು, ಸಂಜೆ ಏಳಕ್ಕೆ ಬ್ಯಾಂಡೇಜು ಸುತ್ತುವುದು.

ಅಣ್ಣ ಅದನ್ನು ಪೂರ್ತಿ ಓದಿ, "ಕೊನೀಗೆ ಬ್ಯಾಂಡೇಜು ಯಾಕವ್ವಾ? ಬೀಗರಿಗೂ ನಮಗೂ ಹೊಡೆದಾಟ ಇಟ್ಟೀಯೇನು?" ಎಂದ.

ಅದು ಬೇರೆ ವಿಷಯ. ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ನಾನು ಪ್ರತಿ ಶನಿವಾರ ಮನೆಗೆ ತಂದು, ಬಟ್ಟೆಯ ಬ್ಯಾಂಡೇಜುಗಳನ್ನು ಒಗೆದು ಒಣಗಿಸಿ, ಭಾನುವಾರ ಸಂಜೆ ಸುತ್ತಿಡುತ್ತಿದ್ದೆ. ನಿಶ್ಚಯ ಬಂತೆಂದು ಸೋಮವಾರ ಮಕ್ಕಳ ಮೊಣಕಾಲು ತರಚುವುದು ನಿಲ್ಲುವುದಿಲ್ಲವಲ್ಲ.

ವಂಕಿಯ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಹರಿಹರದ ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮನೆಯ ಹಿರಿಯಳು ತನ್ನ ಬಲತೋಳಿನ ಚಿನ್ನದ ವಂಕಿಯನ್ನು ಬರುವ ಸೊಸೆಯ ತೋಳಿಗೆ ತನ್ನ ಕೈಯಾರೆ ಏರಿಸಬೇಕು. ಅದು ಏರಿದ ಮೇಲೆಯೇ ಎಲೆ ಅಡಿಕೆ ಬದಲಾಗುವುದು. ಹಳೆಯ ಕಾಲದ ಒಡವೆ, ಈಗಿನವುಗಳ ಹಾಗೆ ಅದಕ್ಕೆ ತಿರುಪು ಇಲ್ಲ, ಬಿಚ್ಚಲು ಬರುವುದಿಲ್ಲ. ಬಳೆಯ ಹಾಗೆ ಅಂಗೈ ಮಡಚಿ ತೂರಿಸಿ, ಮೊಣಕೈ ದಾಟಿಸಿ, ಮೇಲಕ್ಕೆ ಒಯ್ಯಬೇಕು. ಜ್ಯೇಷ್ಠದಲ್ಲಿ ಹುಡುಗಿಯನ್ನು ನೋಡಿ ಒಪ್ಪಿದಾಗಲೇ ಅವರು ಒಂದು ದಾರದಲ್ಲಿ ಅವಳ ತೋಳಿನ ಅಳತೆ ತೆಗೆದುಕೊಂಡು ಹೋಗಿದ್ದರು. ಹರಿಹರದ ಅಕ್ಕಸಾಲಿಗ ಆ ದಾರಕ್ಕೆ ಸರಿಯಾಗಿ ವಂಕಿಯನ್ನು ಬಿಗಿ ಮಾಡಿಕೊಟ್ಟಿದ್ದ.

ಹುಡುಗಿಗೆ ಈ ನಿಶ್ಚಯ ನಡೆಯಲೇಬೇಕಿತ್ತು. ಹಿಂದಿನ ವರ್ಷ ರಾಣೆಬೆನ್ನೂರಿನ ಸಂಬಂಧವೊಂದು ಎಲೆ ಅಡಿಕೆಯ ಹೊತ್ತಿಗೇ ಮುರಿದಿತ್ತು. ಕಾರಣ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು ಎಂದು ಅಣ್ಣ, ಅಣ್ಣನ ಬಾಯಿ ಹೆಚ್ಚಾಗಿತ್ತು ಎಂದು ಅತ್ತಿಗೆ. ಎರಡನೇ ಸಲವೂ ಹಾಗೇ ಆದರೆ ಪೇಟೆಯವರು ಪಲ್ಯವನ್ನು ಬಿಟ್ಟು ಹುಡುಗಿಯ ಮೇಲೆ ಮಾತಾಡುತ್ತಾರೆ. ಅಲ್ಲದೆ ಈ ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಹರಿಹರದ ಕಾರ್ಖಾನೆಯೊಂದರಲ್ಲಿ ಅವನಿಗೆ ಯಂತ್ರಗಳನ್ನು ಜೋಡಿಸುವ ಕೆಲಸ. ನೋಡಲು ಬಂದ ದಿನ ಉಳಿದವರೆಲ್ಲ ರೊಟ್ಟಿ ಬಡಿಯಲು ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ವಿಚಾರಿಸಿದರೆ ಇವನೊಬ್ಬ, "ಸೈಕಲ್ ಬರ್ತೈತೇನ್ರಿ?" ಎಂದು ಕೇಳಿದ್ದ. ಅಷ್ಟಕ್ಕೇ ಅವಳು ಸೋತಿದ್ದಳು.

ದಾರ ಹೋದದ್ದು ಜ್ಯೇಷ್ಠದಲ್ಲಿ, ನಿಶ್ಚಯ ಇದ್ದದ್ದು ಶ್ರಾವಣದಲ್ಲಿ. ನಡುವೆ ಆಷಾಢ. ಆ ಆಷಾಢದ ಕೊನೆಯ ವಾರದಲ್ಲಿ ಲಂಡನ್ನಿನ ರಾಜಕುಮಾರ ಮದುವೆ ಮಾಡಿಕೊಂಡ.

ನಮ್ಮೂರಿಗೆ ಆಗ ಟಿ.ವಿ. ಬಂದಿರಲಿಲ್ಲ. ಗಂಟೆ ಬಾರಿಸಿದ್ದು, ಕುದುರೆ ಓಡಿದ್ದು ರೇಡಿಯೋದಲ್ಲಿ ಕೇಳಿಸಿತು, ಉಳಿದಿದ್ದನ್ನು ಮಾರನೇ ದಿನದ ಪೇಪರು ತೋರಿಸಿತು. ಅದರ ಮೇಲೆ ವಾರಗಟ್ಟಲೆ ದಾವಣಗೆರೆಯಲ್ಲಿ ಮಾತಾಡಲು ಬೇರೆ ವಿಷಯವೇ ಇರಲಿಲ್ಲ. ಅಣ್ಣನದು ಮಂಡಿಪೇಟೆಯಲ್ಲಿ ದಲಾಲಿ ಅಂಗಡಿ. ನಾನು ಬುತ್ತಿ ಕೊಡಲು ಹೋದಾಗ ಆನಗೋಡಿನ ರೈತರೊಬ್ಬರು ಜೋಳದ ಚೀಲದ ಮೇಲೆ ಕೂತು ಪೇಪರು ಓದಿಸಿಕೊಳ್ಳುತ್ತಿದ್ದರು.

"ಅಲ್ರೀ ಸಾವ್ಕಾರ್ರೆ, ಆಷಾಢದಾಗೆ ಮದುವಿ ಮಾಡ್ಯಾರಲ್ರೀ! ಇನ್ನೆರಡು ದಿನ ತಡದಿದ್ರೆ ಶ್ರಾವಣ ಹುಟ್ತಿತ್ತು. ಅಷ್ಟು ಅವಸರ ಏನಿತ್ತು?"

"ಅವರ ಪಂಚಾಂಗದಾಗೆ ಆಷಾಢ ಇಲ್ಲಪ್ಪ," ಎಂದ ಅಣ್ಣ.

"ಪಂಚಾಂಗದಾಗೆ ಇಲ್ಲಂದ್ರೆ ಆಷಾಢ ಬರಾದು ಬಿಡ್ತೈತೇನ್ರಿ? ಹೋಗ್ಲಿ, ಊಟಕ್ಕೇನು ಮಾಡಿಸಿದ್ರಂತೆ?"

"ಕೇಕು ಕೊಯ್ದ್ರಂತೆ. ಆಳೆತ್ತರದ್ದು."

ಮೂಟೆ ಇಳಿಸುತ್ತಿದ್ದ ಹಮಾಲಿ ಬೆನ್ನ ಮೇಲೆ ಮೂಟೆ ಇಟ್ಟುಕೊಂಡೇ ನಿಂತ. "ಬರೇ ಕೇಕಾ? ಅನ್ನ ಸಾರು ಇಲ್ಲಾ? ಪಾಪ, ಕುದುರಿ ಮ್ಯಾಲೆ ಬಂದ ಮಂದಿ ಹಸ್ಕಂಡು ಹೋಗ್ಯಾರೆ ನೋಡ್ರಿ."

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಚರ್ಚೆ ಇನ್ನೂ ಸೂಕ್ಷ್ಮವಾಗಿತ್ತು. ಮುತ್ತೈದೆಯಾಗುವವಳು ಬಿಳಿ ಉಟ್ಟಿದ್ದು ಯಾರಿಗೂ ಸರಿಬರಲಿಲ್ಲ. ಹುಡುಗಿಯ ಅಪ್ಪ ಅವ್ವ ಬೇರೆಬೇರೆಯಾದವರಂತೆ ಎಂಬುದು ಇನ್ನೂ ದೊಡ್ಡ ಸುದ್ದಿ. "ನಮ್ಮ ಕಡೆ ಆಗಿದ್ರೆ ಹುಡುಗನ ಕಡೇರು ನೀರೂ ಕುಡೀದೆ ಎದ್ದು ಹೋಗ್ತಿದ್ರು," ಎಂದರು ಗಣಿತದವರು. "ಅರಮನಿಯೋರು ದೊಡ್ಡ ಮನಸಿನೋರು ನೋಡ್ರಿ," ಎಂದರು ಹೊಲಿಗೆಯವರು. ಹಿಂದೆ ಎಳೆಯುತ್ತಿದ್ದ ಬಟ್ಟೆ ಇಪ್ಪತ್ತೈದು ಅಡಿ ಎಂದು ಪೇಪರಿನಲ್ಲಿತ್ತು. ಹೆಡ್ ಮಿಸ್ಸು ಎದ್ದು ಹೋಗಿ ವರಾಂಡವನ್ನು ಒಮ್ಮೆ ಕಣ್ಣಲ್ಲೇ ಅಳೆದು ಬಂದು, "ನಮ್ಮಲ್ಲಿ ಹಿಡಿಸಲ್ಲ," ಎಂದರು. ಹಿಡಿಸಬೇಕೆಂದು ಯಾರೂ ಕೇಳಿರಲಿಲ್ಲ.

ಅಣ್ಣನ ಮಗಳು ಮಾತ್ರ ಬಾಲವನ್ನೂ ನೋಡಲಿಲ್ಲ, ಬಿಳಿಯನ್ನೂ ನೋಡಲಿಲ್ಲ. ಅವಳು ನೋಡಿದ್ದು ತೋಳು. ಹೆಗಲಿಂದ ಮೊಣಕೈವರೆಗೆ ಗಾಳಿ ತುಂಬಿದ ಹಾಗೆ ಉಬ್ಬಿ, ಮೊಣಕೈ ಹತ್ತಿರ ಬಿಗಿಯಾಗಿ, ಕೆಳಗೆ ಜಾಲರಿ ಬಿಟ್ಟ ತೋಳು. ಚಿತ್ರವನ್ನು ಕತ್ತರಿಸಿಕೊಂಡು, ನಿಶ್ಚಯದ ಕುಪ್ಪಸಕ್ಕೆ ಅಂಥದೇ ತೋಳು ಬೇಕೆಂದು, ನಮ್ಮ ಬೀದಿಯ ದರ್ಜಿ ಚಾಚಾನ ಅಂಗಡಿಗೆ ಹೋದಳು. ಜೊತೆಗೆ ನಾನೂ ಇದ್ದೆ.

ಚಾಚಾ ನಮ್ಮ ಮೂರು ತಲೆಮಾರಿನ ಬಟ್ಟೆ ಹೊಲಿದವರು. ಕನ್ನಡಕ ಹಣೆಗೆ ಏರಿಸಿ, ಚಿತ್ರವನ್ನು ತಿರುವಿ ಮುರುವಿ ನೋಡಿ, "ಬೇಟಿ, ಇದು ತೋಳಲ್ಲ, ದಿಂಬಿನ ಗಲೀಫು," ಎಂದರು.

"ಬರಂಗಿಲ್ಲ ಅಂದ್ರೆ ಬ್ಯಾಡ ಬಿಡ್ರಿ ಚಾಚಾ. ಗಡಿಯಾರ ಕಂಬದ ಹತ್ರ ಹೊಸಾ ಟೈಲರು ಬಂದಾನಂತೆ."

ಅಷ್ಟೇ ಸಾಕಾಯಿತು. ಚಾಚಾ ಚಿತ್ರವನ್ನು ಕಸಿದುಕೊಂಡು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದರು. ಎರಡು ಜಂಪರಿನ ಬಟ್ಟೆ ಒಂದೇ ಜಂಪರಿಗೆ ಹೋಯಿತು. ಉಬ್ಬು ಇಳಿಯಬಾರದೆಂದು ಅಂಗಿಯ ಕಾಲರಿಗೆ ಹಾಕುವ ಗಟ್ಟಿ ಬಟ್ಟೆಯನ್ನು ಒಳಗೆ ಕೊಟ್ಟರು. ನಿಶ್ಚಯದ ಹಿಂದಿನ ದಿನ ಜಂಪರನ್ನು ಮಡಚದೆ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬೀದಿಯವರೆಲ್ಲ ನೋಡುವಂತೆ ತಂದುಕೊಟ್ಟರು. ಅಂಗಡಿಯ ಬಾಗಿಲಿಗೆ ಅಷ್ಟರಲ್ಲೇ ಸುಣ್ಣದಲ್ಲಿ ಬರೆದಾಗಿತ್ತು: ಇಲ್ಲಿ ಲಂಡನ್ ತೋಳು ಹೊಲಿಯಲಾಗುವುದು.

ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಬೀಗರ ಮೆಟಡಾರ್ ಬಂತು. ಎಲ್ಲರಿಗಿಂತ ಮೊದಲು ಇಳಿದವರು ಹುಡುಗನ ಅಜ್ಜಿ. ಚಿಕ್ಕ ಆಳು, ದೊಡ್ಡ ದನಿ. ತುಂಗಭದ್ರೆಯ ಆಚೆ ದಡಕ್ಕೂ ಕೇಳಿಸಬೇಕೆನ್ನುವಂಥ ದನಿ. ಹಿಂದೆ ಹುಡುಗನ ತಾಯಿ, ಎಲ್ಲವನ್ನೂ ಮೂಗಿನ ತುದಿಯಿಂದ ನೋಡುವವರು. ಕೊನೆಗೆ ಹುಡುಗ. ಉಳಿದ ಗಂಡಸರು ಜಮಖಾನದ ಮೇಲೆ ಕೂತು ಪೇಪರು ಹಂಚಿಕೊಂಡರು.

ತಿಂಡಿಯ ಹೊತ್ತಿಗೇ ಲಂಡನ್ ಬಂತು. ಕೆದಕಿದವರು ಹುಡುಗನ ತಾಯಿ. "ಆ ಹುಡುಗಿ ಗಂಡನ ಹೆಸರೇ ತಪ್ಪು ಹೇಳಿದ್ಲಂತ್ರಿ, ಜಗತ್ತೆಲ್ಲಾ ಕೇಳ್ತಿದ್ರೆ. ಅವರದು ನಾಕು ನಾಕು ಹೆಸರಂತೆ. ಮಾವನ ಹೆಸರು ಮುಂದಾಗಿ ಬಂದುಬಿಡ್ತಂತೆ. ಎಂಥಾ ಹುಡುಗೀನೋ!"

ಅಜ್ಜಿ ಅವಲಕ್ಕಿಯ ತಟ್ಟೆ ಕೆಳಗಿಟ್ಟರು. "ಅದಕ್ಯಾಕ ನಗ್ತೀ? ನನ್ನ ಮದುವ್ಯಾಗೆ ಒಡಪು ಹೇಳಿ ಗಂಡನ ಹೆಸರು ಹೇಳು ಅಂತ ಎಲ್ರೂ ಸುತ್ತ ಕುಂತ್ರು. ನಂಗೆ ಹೆದರಿಕೀಗೆ ಮಾವನ ಹೆಸರು ಬಂದುಬಿಡ್ತು. ನಮ್ಮ ಮಾವ ಅಲ್ಲೇ ಕಂಬದ ಹಿಂದೆ ನಿಂತಿದ್ರು. ಮೂರು ದಿನ ಮನಿ ಒಳಗೇ ಬರ್ಲಿಲ್ಲ ಪಾಪ, ದನದ ಕೊಟ್ಟಿಗ್ಯಾಗೆ ಉಂಡ್ರು."

"ಅಲ್ಲಜ್ಜೀ, ಆ ಬಟ್ಟಿ ನೋಡಿದ್ರಾ? ಇಪ್ಪತ್ತೈದು ಅಡಿ!" ಎಂದರು ಅತ್ತಿಗೆ, ಮಾತು ಬೇರೆಡೆ ತಿರುಗಲಿ ಎಂದು.

"ಮೊಳದ ಲೆಕ್ಕದಾಗೆ ಹೇಳವ್ವಾ."

ಅಣ್ಣ ಲೆಕ್ಕ ಹಾಕಿ, "ಹದಿನಾರು ಹದಿನೇಳು ಮೊಳ ಆಗ್ತೈತ್ರಿ," ಎಂದ.

ಅಜ್ಜಿ ತಮ್ಮ ಸೀರೆಯ ನೆರಿಗೆಯನ್ನು ಹಿಡಿದು ತೋರಿಸಿದರು. "ಇದೂ ಹದಿನಾರು ಮೊಳದ್ದೇ. ದಿನಾ ಉಡ್ತೀನಿ, ಯಾವ ಪೇಪರಿನೋನೂ ಬಂದಿಲ್ಲ. ನಂದೆಲ್ಲಾ ಮೈಮ್ಯಾಗೆ ಐತೆ, ಆಕೀದೆಲ್ಲಾ ನೆಲದ ಮ್ಯಾಗೆ ಐತೆ, ಅಷ್ಟೇ ಫರಕು."

ಹನ್ನೊಂದಕ್ಕೆ ಹುಡುಗಿ ಹೊರಗೆ ಬಂದಳು. ಹಸಿರು ರೇಷ್ಮೆ ಸೀರೆ, ಅದಕ್ಕೆ ಒಪ್ಪುವ ಜಂಪರು, ಆ ತೋಳು. ಬಾಗಿಲಲ್ಲಿ ಸ್ವಲ್ಪ ಅಡ್ಡ ತಿರುಗಿಯೇ ಬರಬೇಕಾಯಿತು. ಜಮಖಾನದ ಮೇಲಿನ ಪೇಪರುಗಳು ಕೆಳಗಿಳಿದವು. ಆಹ್ವಾನವಿಲ್ಲದೆಯೂ ಬೆಳಿಗ್ಗೆಯಿಂದ ನಮ್ಮ ಜಗಲಿಯ ಮೇಲೆ ಕೂತಿದ್ದ ಚಾಚಾ ಕಿಟಕಿಯಲ್ಲಿ ಇಣುಕಿ, ತಮ್ಮ ತೋಳನ್ನು ಕಣ್ತುಂಬ ನೋಡಿಕೊಂಡರು.

ಹುಡುಗನ ತಾಯಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸುವಂತೆ, "ಹುಡುಗಿಗೆ ಜೇನುಹುಳ ಕಡದೈತೇನ್ರಿ?" ಎಂದರು.

ಅಜ್ಜಿ ತೋಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಅಕ್ಕಿಯ ತಟ್ಟೆ ಕೈಗೆತ್ತಿಕೊಂಡರು. ಅದರಿಂದಲೇ ನಮಗೆ ಹೆಚ್ಚು ಭಯವಾಯಿತು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತುತ್ತಿ, ಅರಿಶಿನದ ಕೊಂಬು ಹಾಕಿ ಉಡಿ ತುಂಬಿದರು. ಹೋಳಿಗೆಯ ಊಟವೂ ಆಯಿತು. ಪಲ್ಯದ ಉಪ್ಪನ್ನು ಅಣ್ಣ ಮೂರು ಜನರಿಂದ ರುಚಿ ನೋಡಿಸಿಯೇ ಬಡಿಸಲು ಬಿಟ್ಟಿದ್ದ.

ಎರಡು ಗಂಟೆಗೆ ನಡುಮನೆಯಲ್ಲಿ ಮಣೆ ಹಾಕಿ ಹುಡುಗಿಯನ್ನು ಕೂರಿಸಿದೆವು. ಅಜ್ಜಿ ರುಮಾಲಿನ ಗಂಟು ಬಿಚ್ಚಿ ವಂಕಿ ತೆಗೆದರು. ಹುಡುಗಿ ಬಲಗೈ ಮುಂದೆ ಚಾಚಿದಳು. ಅಂಗೈ ದಾಟಿತು, ಬಳೆಗಳ ಪಕ್ಕದಿಂದ ಮೇಲೆ ಹೋಯಿತು, ಮೊಣಕೈ ಹತ್ತಿರದ ಜಾಲರಿಗೆ ಬಂದು ನಿಂತಿತು. ಅಜ್ಜಿ ಒತ್ತಿದರು. ಜಾಲರಿ ಮಡಚಿಕೊಂಡಿತೇ ಹೊರತು ವಂಕಿ ಏರಲಿಲ್ಲ. ಇನ್ನೊಮ್ಮೆ ಒತ್ತಿದರು. ಮೇಲಿದ್ದ ಉಬ್ಬು ಇನ್ನಷ್ಟು ಉಬ್ಬಿ ಹುಡುಗಿಯ ಕಿವಿಗೆ ತಾಗಿತು.

ಆಗ ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ದಾರದ ಅಳತೆ ಬರಿಯ ತೋಳಿನದು.

ತಿಂಗಳುಗಟ್ಟಲೆ ನಿಶ್ಚಯದ ಬಗ್ಗೆ ಮಾತಾಡಿದ್ದೆವು, ಹತ್ತು ದಿನ ತೋಳಿನ ಬಗ್ಗೆ ಮಾತಾಡಿದ್ದೆವು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಮನೆಯಲ್ಲಿ ಒಬ್ಬರೂ ಇರಲಿಲ್ಲ.

"ತೋಳಿನ ಒಳಗಿಂದ ಏರಿಸಿದ್ರೆ?" ಎಂದರು ಅತ್ತಿಗೆ.

"ಒಳಗೆ ಹಾಕಿದ್ರೆ ಯಾರಿಗೆ ಕಾಣ್ತೈತೆ ಬೀಗ್ತೀ?" ಎಂದರು ಹುಡುಗನ ತಾಯಿ. "ವಂಕಿ ಏರಿದ್ದನ್ನ ಕುಂತೋರು ನೋಡಬಕು. ನಮ್ಮಲ್ಲಿ ಹಂಗೇ."

"ಹಂಗಾರೆ ಜಂಪರು ಬದಲಿ ಮಾಡಿಸ್ತೀನ್ರಿ. ಐದೇ ನಿಮಿಷ."

ಇದಕ್ಕೆ ಅಜ್ಜಿಯೇ ತಲೆಯಾಡಿಸಿದರು. "ಉಡಿ ತುಂಬಿದ ಮ್ಯಾಲೆ ಎಲಿ ಅಡಿಕಿ ಆಗೋ ತನಕ ಮೈಮ್ಯಾಲಿನ ಬಟ್ಟಿ ಬಿಚ್ಚಂಗಿಲ್ಲವ್ವಾ. ಅದು ನಿಮಗೂ ಗೊತ್ತೈತೆ."

ಗೊತ್ತಿತ್ತು. ಅಣ್ಣ ಜಗಲಿಗೆ ಓಡಿ ಚಾಚಾನನ್ನು ಕರೆದ. ಅವರು ನಡುಮನೆಯ ಬಾಗಿಲ ಹೊರಗೆ ನಿಂತರು.

"ಚಾಚಾ, ಆ ತೋಳು ಒಂಚೂರು ಕತ್ತರಿಸಿ ಸಣ್ಣ ಮಾಡ್ರಿ."

"ಕತ್ತರಿಸಾದಾ?" ಚಾಚಾ ಎದೆ ಹಿಡಿದುಕೊಂಡರು. "ತೌಬಾ ತೌಬಾ! ಮೈಮ್ಯಾಗೆ ಇರೋ ಬಟ್ಟಿಗೆ ಕತ್ತರಿ ಹಾಕ್ತಾರೇನ್ರಿ? ಸತ್ತೋರ ಬಟ್ಟಿಗೆ ಹಾಂಗೆ ಮಾಡಾದು. ನಮ್ಮಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ. ಮತ್ತೆ ಆ ತೋಳು ನೋಡ್ರಿ ಸಾವ್ಕಾರ್ರೆ, ಎಷ್ಟು ಗುಂಡಗೆ ಕುಂತೈತೆ! ಅದಕ್ಕೆ ಕತ್ತರಿ ಹಾಕೋ ಬದ್ಲು ಆ ವಂಕೀನೇ ದೊಡ್ಡದು ಮಾಡಿಸ್ರಿ."

"ದೊಡ್ಡದು ಮಾಡಾಕೆ ಹರಿಹರಕ್ಕೆ ಹೋಗಬಕು ಚಾಚಾ. ನಾಕೂವರಿಗೆ ರಾಹುಕಾಲ."

ಜಮಖಾನದಿಂದ ಹುಡುಗ ಎದ್ದು ಬಂದು ಚಾಚಾನ ಪಕ್ಕ ನಿಂತ. ವಿಷಯ ತಿಳಿದುಕೊಂಡು, ಸ್ವಲ್ಪ ಹೊತ್ತು ವಂಕಿಯನ್ನೂ ತೋಳನ್ನೂ ನೋಡಿ, ಗಂಭೀರವಾಗಿ ಹೇಳಿದ. "ನಮ್ಮಲ್ಲಿ ಶಾಫ್ಟಿಗೆ ಬೇರಿಂಗ್ ಹಿಡೀಲಿಲ್ಲ ಅಂದ್ರೆ ಬೇರಿಂಗನ್ನ ಬಿಸಿ ಎಣ್ಣ್ಯಾಗೆ ಕಾಯ್ಸಿ ಹಾಕ್ತೀವ್ರಿ. ಹಿಗ್ಗತೈತೆ. ತಣ್ಣಗಾದ ಮ್ಯಾಲೆ ಗಟ್ಟಿಯಾಗಿ ಕೂಡ್ತೈತೆ."

"ಹುಡುಗಿ ತೋಳು ಸುಡ್ತೀಯೇನೋ!" ಎಂದು ಅಜ್ಜಿ ಗದರಿದರು. "ಹೋಗಿ ಕೂಡು ಅತ್ತಾಗೆ. ಬೇರಿಂಗಂತೆ."

ಅವನು ಹೋಗುವಾಗ ಹುಡುಗಿಯ ಕಡೆ ಒಮ್ಮೆ ನೋಡಿದ. ಅವಳಿಗೆ ನಗು ಬಂತು, ನಗುವ ಹೊತ್ತಲ್ಲವೆಂದು ತಿಳಿದು ಕಣ್ಣಲ್ಲಿ ನೀರು ಬಂತು, ಎರಡೂ ಒಟ್ಟಿಗೇ ಬಂದು ಮೂಗು ಕೆಂಪಾಯಿತು.

ಟಾಲ್ಕಮ್ ಪೌಡರ್ ಹಾಕಿ ನೋಡಿದೆವು. ಪೌಡರ್ ರೇಷ್ಮೆಗೆ ಮೆತ್ತಿತು, ವಂಕಿ ಕದಲಲಿಲ್ಲ. ಹರಳೆಣ್ಣೆ ತರಲು ಹೊರಟ ಅತ್ತಿಗೆಯನ್ನು ಚಾಚಾ ಬಾಗಿಲಲ್ಲೇ ಕೈಮುಗಿದು ತಡೆದರು. ಗಡಿಯಾರದಲ್ಲಿ ಮೂರು ಹೊಡೆಯಿತು. ನನ್ನ ವೇಳಾಪಟ್ಟಿಯ ಪ್ರಕಾರ ಆ ಹೊತ್ತಿಗೆ ಎಲೆ ಅಡಿಕೆಯ ತಟ್ಟೆ ಹೊರಗೆ ಬರಬೇಕಿತ್ತು.

ಹುಡುಗನ ತಾಯಿ ಸೆರಗು ಸರಿಮಾಡಿಕೊಂಡರು. ಹೊರಡುವವರು ಸರಿಮಾಡಿಕೊಳ್ಳುವ ಹಾಗೆ. "ಏನೋ ಸೂಚನಿ ಇದು ಅಂತ ಕಾಣ್ತೈತ್ರಿ. ಇವತ್ತು ಬ್ಯಾಡ ಅಂತ ದೇವರೇ ಹೇಳಿದಂಗೆ ಐತೆ. ಇನ್ನೊಂದಿನ ನೋಡಿದ್ರಾತು."

ಇನ್ನೊಂದು ದಿನ ಎಂಬ ಮಾತನ್ನು ನಾವು ಹಿಂದಿನ ವರ್ಷವೂ ಕೇಳಿದ್ದೆವು. ಆ ಇನ್ನೊಂದು ದಿನ ಬರಲೇ ಇಲ್ಲ. ಅಣ್ಣ ಗೋಡೆಗೆ ಒರಗಿದ. ಹುಡುಗಿ ತಲೆ ಎತ್ತಿ, ಅಜ್ಜಿಗೆ ಮಾತ್ರ ಹೇಳುವವಳ ಹಾಗೆ, "ಹರದ್ ಹಾಕ್ರಿ ಅಜ್ಜೀ. ತೋಳು ಹೋದ್ರೆ ಹೋಗ್ಲಿ," ಎಂದಳು.

"ಬೇಟೀ!" ಎಂದರು ಬಾಗಿಲಲ್ಲಿದ್ದ ಚಾಚಾ, ಚೂರಿ ತಾಗಿದವರಂತೆ.

"ಹರಿಯಾಕೆ ನಂಗೇನು ಹುಚ್ಚು ಹಿಡದೈತಾ?" ಎಂದರು ಅಜ್ಜಿ. ವಂಕಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

ಗೂಟಕ್ಕೆ ತೂಗುಹಾಕಿದ್ದ ಶಾಲೆಯ ಪೆಟ್ಟಿಗೆ ನನ್ನ ಕಣ್ಣಿಗೆ ಬಿದ್ದದ್ದು ಆಗ. ಬೆರಳು ಊದಿ ಉಂಗುರ ಸಿಕ್ಕಿಕೊಂಡರೆ ಪ್ರಥಮ ಚಿಕಿತ್ಸೆಯಲ್ಲಿ ಒಂದು ಉಪಾಯವಿದೆ. ಬೆರಳಿಗೆ ದಾರವನ್ನು ಒತ್ತೊತ್ತಾಗಿ ಬಿಗಿದು ಸುತ್ತಿ, ಊತವನ್ನು ಅಮುಕಿ, ದಾರದ ಮೇಲೆ ಉಂಗುರ ಜಾರಿಸುವುದು. ಪ್ರತಿವರ್ಷ ಒಂಬತ್ತನೇ ತರಗತಿಗೆ ಹೇಳಿಕೊಡುತ್ತಿದ್ದೆ. ಇಲ್ಲಿ ಊದಿದ್ದು ರೇಷ್ಮೆ, ಅಷ್ಟೇ. ಅಗಲದ ಬ್ಯಾಂಡೇಜು ತೆಗೆದು, ಹೆಗಲಿನಿಂದ ಶುರುಮಾಡಿ, ಜಾಲರಿಯನ್ನೂ ಸೇರಿಸಿ, ಮೊಣಕೈವರೆಗೆ ಸುತ್ತತೊಡಗಿದೆ. "ಉಸಿರು ಹಿಡೀಬೇಡ, ಕೈ ಸಡಿಲ ಬಿಡು," ಎಂದೆ. ಶಾಲೆಯ ದನಿಯೇ ಬಂತು. ಉಬ್ಬು ಸುತ್ತು ಸುತ್ತಿಗೂ ಇಳಿಯಿತು. ಒಳಗಿನ ಗಟ್ಟಿ ಬಟ್ಟೆ ಪಟ್ ಪಟ್ ಎಂದು ಮುರಿಯುವ ಸದ್ದಿಗೆ ಚಾಚಾ ಬಾಗಿಲಲ್ಲಿ ಒಮ್ಮೊಮ್ಮೆ "ಅಲ್ಲಾ, ಅಲ್ಲಾ" ಎನ್ನುತ್ತಿದ್ದರು.

ಅಷ್ಟರಲ್ಲಿ ಕುಡಿಯಲು ನೀರು ಕೇಳಿಕೊಂಡು ಬಂದ ಬೀಗರೊಬ್ಬರು ಒಳಗೆ ಇಣುಕಿದರು. ಹುಡುಗಿಯ ಕೈಗೆ ಹೆಗಲಿಂದ ಮೊಣಕೈವರೆಗೆ ಬಿಳಿ ಬ್ಯಾಂಡೇಜು, ಅಕ್ಕಪಕ್ಕ ಮೂರು ಹೆಂಗಸರು, ಹುಡುಗಿಯ ಕಣ್ಣಲ್ಲಿ ನೀರು. ಅವರು ನೀರು ಕುಡಿಯದೆ ವಾಪಸು ಹೋದರು. ಮರುಕ್ಷಣ ಜಮಖಾನದ ಕಡೆಯಿಂದ ಕೇಳಿಸಿತು.

"ವಂಕಿ ಹಾಕಾಕೆ ಹೋಗಿ ಅಜ್ಜಿ ಹುಡುಗಿ ಕೈ ಮುರಿದಾಳೆ!"

"ಏನು?"

"ಕಣ್ಣಾರೆ ನೋಡಿದೆ. ಬ್ಯಾಂಡೇಜು ಹಾಕ್ಯಾರೆ."

"ನಮ್ಮ ಕಡೀದೇ ತಪ್ಪಾತಲ್ರೀ! ಈಗ ಏನು ಮುಖ ಇಟ್ಕಂಡು..."

ಹುಡುಗ ಓಡಿಬಂದ. ಹುಡುಗನ ತಾಯಿ, ಸೆರಗು ಬಿಗಿದುಕೊಂಡು ಹೊರಡಲು ನಿಂತಿದ್ದವರು, ಒಮ್ಮೆಲೇ ಕುಕ್ಕರಿಸಿಬಿಟ್ಟರು. ಬೀಗರ ಮನೆಯಲ್ಲಿ ಏರದ ವಂಕಿ ಒಂದು ಮಾತು, ಮುರಿದ ಕೈ ಇನ್ನೊಂದು ಮಾತು. "ಯಾರಿಗೂ ಏನೂ ಆಗಿಲ್ರೋ, ಬಾಯಿ ಮುಚ್ರಿ!" ಎಂದು ಅಜ್ಜಿ ಕೂಗಿದ್ದು ಗಡಿಯಾರ ಕಂಬದವರೆಗೂ ಕೇಳಿಸಿರಬೇಕು.

ಕೊನೆಯ ಸುತ್ತಿನ ತುದಿಯನ್ನು ನಾನು ಬಿಗಿಯಾಗಿ ಹಿಡಿದೆ. ಅಜ್ಜಿ ವಂಕಿ ಎತ್ತಿಕೊಂಡು ಮತ್ತೆ ತೂರಿಸಿದರು. ಅಂಗೈ, ಬಳೆ, ಮೊಣಕೈ. ಬ್ಯಾಂಡೇಜಿನ ಮೇಲೆ ವಂಕಿ ಸ್ವಲ್ಪ ತಡೆದು, ಆಮೇಲೆ ಏರಿತು. ತೋಳಿನ ನಟ್ಟನಡುವೆ ಬಂದು ಕೂತಿತು. ನಾನು ಬ್ಯಾಂಡೇಜನ್ನು ಕೆಳಗಿನಿಂದ ಬಿಚ್ಚುತ್ತ ಬಂದು, ವಂಕಿಯ ಅಡಿಗೆ ಸಿಕ್ಕಿದ್ದ ಸುತ್ತನ್ನು ಎಳೆದೆಳೆದು ತೆಗೆದು, ಮೇಲಿನದನ್ನೂ ಬಿಚ್ಚಿದೆ. ರೇಷ್ಮೆ ಮೆಲ್ಲಗೆ ಉಸಿರು ಬಿಟ್ಟಂತೆ ಏಳತೊಡಗಿತು. ವಂಕಿಯ ಮೇಲೊಂದು ಉಬ್ಬು, ಕೆಳಗೊಂದು ಉಬ್ಬು. ಒಂದು ತೋಳಿಗೆ ಎರಡು ಬುಗ್ಗೆ. ಎಡತೋಳು ಮಾತ್ರ ಹಿಂದಿನಂತೆ ಒಂದೇ ಬುಗ್ಗೆಯಾಗಿ ಕೂತಿತ್ತು.

ಹುಡುಗನ ತಾಯಿ, "ನಡುವೆ ದಾರ ಕಟ್ಟಿದ ಗಂಟುಮೂಟೆ ಇದ್ದಂಗೆ ಕಾಣ್ತೈತೆ," ಎಂದರು. ಆದರೆ ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಅಜ್ಜಿ ವಂಕಿಯನ್ನು ಹಿಡಿದು ಕೆಳಕ್ಕೆ ಎಳೆದರು. ಅದು ಬರಲಿಲ್ಲ. ಹುಡುಗಿಯ ಕೈಯನ್ನು ಎತ್ತಿಸಿದರು, ಇಳಿಸಿದರು, ರೊಟ್ಟಿ ಬಡಿಯುವಂತೆ ಆಡಿಸು ಎಂದರು. ಹುಡುಗಿ ಗಾಳಿಯಲ್ಲಿ ರೊಟ್ಟಿ ಬಡಿದಳು. ವಂಕಿ ಇದ್ದಲ್ಲೇ ಇತ್ತು. ಅಜ್ಜಿಯ ಮುಖ ನಿಧಾನವಾಗಿ ಬಿಚ್ಚಿಕೊಂಡಿತು.

"ಐವತ್ತು ವರ್ಷ ಈ ವಂಕಿ ಹಾಕ್ಕೊಂಡೀನವ್ವಾ. ನಂದು ಸಣ್ಣ ತೋಳು. ರೊಟ್ಟಿ ಬಡದ್ರೆ ಮೊಣಕೈಗೆ ಜಾರತಿತ್ತು. ನೀರು ಸೇದಿದ್ರೆ ಜಾರತಿತ್ತು. ಒಂದ್ಸಲ ಹೊಳಿಗೇ ಬಿದ್ದಿತ್ತು, ನಮ್ಮ ಮಾವ ಮುಳುಗಿ ತಗದ್ರು. ಅದರಡಿಗೆ ಚಿಂದಿ ಸುತ್ತಿ ಸುತ್ತಿ ಸಾಕಾಗಿ ಹೋಗಿತ್ತು." ಅವರು ಬುಗ್ಗೆಯನ್ನು ಬೆರಳಿಂದ ಒತ್ತಿ ನೋಡಿದರು. "ಲಂಡನ್ ಹುಡುಗಿಗೆ ಬುದ್ಧಿ ಐತೆ. ಇದು ಜಾರಂಗಿಲ್ಲ."

"ನೋಡಿದ್ರಾ, ನೋಡಿದ್ರಾ!" ಎಂದರು ಬಾಗಿಲಿಂದ ಚಾಚಾ. "ನಾನು ಅದನ್ನೇ ಲೆಕ್ಕ ಹಾಕಿ ಹೊಲ್ದಿದ್ದು."

"ಹೌದೇನು?" ಎಂದರು ಅಜ್ಜಿ. "ಹಂಗಾರೆ ಕೇಳು ಸಾಬಣ್ಣ. ಬಲಗೈದು ಇವತ್ತು ಏರಿತು. ಇದರ ಜೋಡಿ, ಎಡಗೈದು, ಮದುವಿ ದಿನ ಏರಿಸಾದು. ಅವತ್ತೂ ಇದೇ ತೋಳು ಇರಲಿ. ಆದ್ರೆ ಈ ಸಲ ವಂಕಿ ಕೂಡ್ರಾಕೆ ನಡುವೆ ಒಂದು ಹಾದಿ ಬಿಟ್ಟು ಹೊಲಿ."

ಎಲೆ ಅಡಿಕೆಯ ತಟ್ಟೆ ಬದಲಾದಾಗ ನಾಲ್ಕು ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ನನ್ನ ವೇಳಾಪಟ್ಟಿಗೆ ತಡವಾದರೂ ರಾಹುಕಾಲಕ್ಕೆ ಮುಂಚೆಯೇ. ಅಣ್ಣ ಬೀಗರನ್ನು ಎರಡೆರಡು ಸಲ ಅಪ್ಪಿಕೊಂಡ. ಹುಡುಗನ ತಾಯಿ ಮೆಟಡಾರ್ ಹತ್ತುವ ಮೊದಲು ಚಾಚಾನ ಅಂಗಡಿಯ ಮುಂದೆ ನಿಂತು, ಹೊಲಿಗೆಗೆ ಎಷ್ಟು ದಿನ ಬೇಕಾಗುತ್ತದೆಂದು, ಯಾರಿಗೋ ಬೇಕಿದೆ ಎಂಬಂತೆ, ವಿಚಾರಿಸಿದರು. ಹುಡುಗ ಕೊನೆಗೆ ಹತ್ತಿದ. ಹತ್ತುವಾಗ ಅಣ್ಣನ ಮಗಳಿಗೆ, "ಹಾಂಗೇ ಸೈಕಲ್ ಹೊಡೀಬ್ಯಾಡ್ರಿ. ಗಾಳಿ ತುಂಬ್ಕಂಡು ಹಾರಿಹೋದೀರಿ," ಎಂದ. ಅವಳು ಈ ಸಲ ನಗುವುದನ್ನು ತಡೆಯಲಿಲ್ಲ.

ಆ ವರ್ಷ ದೀಪಾವಳಿಯ ಹೊತ್ತಿಗೆ ನಡುವೆ ಹಾದಿ ಬಿಟ್ಟ ತೋಳನ್ನು ದಾವಣಗೆರೆಯಿಂದ ಬಾತಿಯವರೆಗೂ ಹುಡುಗಿಯರು ಹೊಲಿಸಿಕೊಂಡರು. ವಂಕಿ ಇದ್ದವರೂ, ಇಲ್ಲದವರೂ. ಹಾದಿ ಯಾತಕ್ಕೆಂದು ಕೇಳಿದರೆ, ಲಂಡನ್ನಿನಲ್ಲಿ ಹಾಗೇ ಇರುತ್ತದೆ ಎನ್ನುತ್ತಿದ್ದರು.

ನಿಶ್ಚಯದ ದಿನ ಸಂಜೆ ಪಾತ್ರೆ ತೊಳೆದು, ಜಮಖಾನ ಕೊಡವಿ ಮಡಚಿ ಆದ ಮೇಲೆ ಅಣ್ಣನ ಮಗಳು ನನ್ನ ಮುಂದೆ ಬಂದು ನಿಂತಳು. "ಅತ್ತೀ, ಜಂಪರು ಬಿಚ್ಚಬಕು. ವಂಕಿ ಬರವಲ್ದು." ಪುನಃ ಬ್ಯಾಂಡೇಜು ತೆಗೆದೆ. ವಂಕಿಯ ಮೇಲಿನದನ್ನೂ ಕೆಳಗಿನದನ್ನೂ ಬಿಗಿಯಾಗಿ ಸುತ್ತಿ, ಮೆಲ್ಲಗೆ ಜಾರಿಸಿ ಇಳಿಸಿದೆ. ಅವಳು ವಂಕಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಒಳಗೆ ಹೋದಳು, ಅವರವ್ವನ ಕೈಗೂ ಕೊಡದೆ.

ಬ್ಯಾಂಡೇಜಿಗೆ ಒಂದು ಕಡೆ ಅರಿಶಿನ ಹತ್ತಿತ್ತು. ಸೋಪು ಹಾಕಿ ತಿಕ್ಕಿದೆ. ಪೂರ್ತಿ ಹೋಗಲಿಲ್ಲ. ಹಿಂಡಿ, ಕೆಂಡದ ಇಸ್ತ್ರಿ ಆಡಿಸಿ ಒಣಗಿಸಿದೆ. ಆಮೇಲೆ ಕಲೆ ಒಳಗೆ ಬರುವಂತೆ ಬಿಗಿಯಾಗಿ ಸುತ್ತಿ, ತುದಿಗೆ ಪಿನ್ನು ಹಾಕಿ, ಪೆಟ್ಟಿಗೆಯಲ್ಲಿ ಅಯೋಡಿನ್ ಬಾಟಲಿಯ ಪಕ್ಕ ಅದರ ಜಾಗದಲ್ಲಿಟ್ಟು ಮುಚ್ಚಳ ಹಾಕಿದೆ.